ಚಿರತೆ ಎಣಿಕೆ: ಸಂಖ್ಯೆ ಸಿಕ್ಕಿತು, ಜಾಗ ಎಷ್ಟು?

ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಎದುರು ಹಾದಾಗ ತಾನೇ ಫೋಟೊ ತೆಗೆಯುವ ಕ್ಯಾಮೆರಾ) ಪ್ರಾಜೆಕ್ಟುಗಳ ಸಂಶೋಧನಾ ಸಹಾಯಕ ಹುದ್ದೆಗೆ ಓದುತ್ತಿರುವ ಧಾರವಾಡದ ಗೆಳೆಯರಿಗೆ ಈ ಟಿಪ್ಪಣಿ. ಬ್ಯಾಟರಿ, ಮೆಮೊರಿ ಕಾರ್ಡ್ ಎಲ್ಲ ಕಾಡಿಗೆ ಹೋದ ಮೇಲೆ ಕಲಿಯಬಹುದು. ಸಂದರ್ಶನದಲ್ಲಿ ಕಾಡುವುದು ಸಾಂದ್ರತೆ, ಅಂದರೆ ಇಷ್ಟು ಜಾಗಕ್ಕೆ ಎಷ್ಟು ಪ್ರಾಣಿ ಅನ್ನುವ ಲೆಕ್ಕ.

ಮೊದಲು ಗುರುತು. ಒಂದು ಚಿರತೆಯ ಚುಕ್ಕೆಯಂತೆ ಇನ್ನೊಂದರದು ಇರುವುದಿಲ್ಲ. ಎಡಮೈ, ಬಲಮೈ ಕೂಡ ಬೇರೆ. ಅದಕ್ಕೇ ದಾರಿಯ ಎರಡೂ ಬದಿಗೆ ಕ್ಯಾಮೆರಾ ಕಟ್ಟುತ್ತಾರೆ. 1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯ ಹುಲಿಗಳಿಗೆ ಈ ವಿಧಾನ ಬಳಸಿದರು. 2018ರ ಹುಲಿ ಗಣತಿಯಲ್ಲಿ 26,838 ಕಡೆ ಕ್ಯಾಮೆರಾ ಇಟ್ಟು ಸುಮಾರು 3.49 ಕೋಟಿ ಫೋಟೊ ಪಡೆದರು. ಹುಲಿ ಇದ್ದದ್ದು 76,651ರಲ್ಲಿ ಮಾತ್ರ! ಫೋಟೊ ವಿಂಗಡಿಸಲು ಕಂಪ್ಯೂಟರ್ ಯಾಕೆ ಬೇಕು ಅಂತ ಕೇಳಿದರೆ ಇಷ್ಟು ಹೇಳಿದರೆ ಸಾಕು.

ಲೆಕ್ಕಕ್ಕೆ ಬರೋಣ. ಮೊದಲ ಸುತ್ತಿನಲ್ಲಿ 8 ಚಿರತೆ ಸಿಕ್ಕವು ಅನ್ನಿ. ಎರಡನೇ ಸುತ್ತಿನಲ್ಲಿ 9, ಅದರಲ್ಲಿ 6 ಹಳೆಯವೇ. 9ರಲ್ಲಿ 6 ಹಳೆಯವು ಅಂದರೆ, ಮೊದಲು ಸಿಕ್ಕ 8 ಕೂಡ ಒಟ್ಟು ಚಿರತೆಗಳಲ್ಲಿ ಅಷ್ಟೇ ಪಾಲು ಅಂತ ಲೆಕ್ಕ. ಹಾಗಾಗಿ ಒಟ್ಟು 8 × 9 ÷ 6, ಅಂದರೆ 12. ಇದು ಸುಲಭ.

ಈಗ ಈ 12ನ್ನು ಯಾವುದರಿಂದ ಭಾಗಿಸಬೇಕು? ಕ್ಯಾಮೆರಾಗಳು 10 ಕಿ.ಮೀ. × 10 ಕಿ.ಮೀ. ಚೌಕದಲ್ಲಿವೆ ಅಂದುಕೊಳ್ಳಿ. 100 ಚದರ ಕಿ.ಮೀ.ಗೆ 12 ಅಂತ ಬರೆದುಬಿಡಬಹುದಾ? ಆಗಲ್ಲ. ಅಂಚಿನ ಚಿರತೆ ಅರ್ಧ ದಿನ ಚೌಕದ ಒಳಗೆ, ಅರ್ಧ ದಿನ ಹೊರಗೆ. ನಮ್ಮ ಗದಗಿನ ಕಪ್ಪತಗುಡ್ಡವನ್ನೇ ನೋಡಿ. ಗುಡ್ಡದ ಸಾಲಿನ ಆಚೆ ಈಚೆ ಹೊಲಗಳಿವೆ. ಚಿರತೆ ಗಡಿಕಲ್ಲು ನೋಡಿ ನಿಲ್ಲುತ್ತದಾ?

ಹಾಗಾಗಿ ಚೌಕದ ಸುತ್ತ ಅಂಚಿನ ಜಾಗದ ಒಂದು ಪಟ್ಟಿ (ಬಫರ್) ಸೇರಿಸುತ್ತಿದ್ದರು. 2 ಕಿ.ಮೀ. ಪಟ್ಟಿ ಸೇರಿಸಿ, ಮೂಲೆಗಳನ್ನು ದುಂಡು ಮಾಡಿದರೆ ಜಾಗ ಸುಮಾರು 193 ಚದರ ಕಿ.ಮೀ. 100ಕ್ಕೆ 6.2 ಚಿರತೆ. 3 ಕಿ.ಮೀ. ಆದರೆ ಸುಮಾರು 248, ಆಗ 4.8. ಚಿರತೆ ಅವೇ 12. ಪಟ್ಟಿ ಬದಲಾದರೆ ಸಾಂದ್ರತೆಯೇ ಬದಲು. ಈ ಮೂರು ಸಂಖ್ಯೆಯನ್ನು ಒಮ್ಮೆ ಕೈಯಾರೆ ಲೆಕ್ಕ ಹಾಕಿ ನೋಡಿ, ಮತ್ತೆ ಮರೆಯಲ್ಲ.

ಎಸ್‌ಇಸಿಆರ್ (ಪ್ರಾಣಿ ಎಲ್ಲೆಲ್ಲಿ ಸಿಕ್ಕಿತು ಅನ್ನುವುದನ್ನೂ ಲೆಕ್ಕಕ್ಕೆ ಸೇರಿಸುವ ವಿಧಾನ) ಸಾಂದ್ರತೆಯನ್ನು ಹೀಗೆ ಪಟ್ಟಿಯ ಅಗಲಕ್ಕೆ ಬಿಡುವುದಿಲ್ಲ. ಪ್ರತಿ ಪ್ರಾಣಿಗೂ ಓಡಾಟದ ಒಂದು ಕೇಂದ್ರವಿದೆ ಅಂದುಕೊಳ್ಳುತ್ತದೆ. ಕ್ಯಾಮೆರಾ ಆ ಕೇಂದ್ರದಲ್ಲೇ ಇದ್ದರೆ ಪ್ರಾಣಿ ಸಿಗುವ ಸಾಧ್ಯತೆ ಜಿ-ಸೊನ್ನೆ. ದೂರ ಹೋದಂತೆ ಅದು ಎಷ್ಟು ಬೇಗ ಇಳಿಯುತ್ತದೆ ಅನ್ನುವುದು ಸಿಗ್ಮಾ. ಒಂದೇ ಚಿರತೆ ಬೇರೆ ಬೇರೆ ಕ್ಯಾಮೆರಾದಲ್ಲಿ ಸಿಕ್ಕರೇನೇ ಸಿಗ್ಮಾ ತಿಳಿಯುವುದು. ಆದ್ದರಿಂದ ಕ್ಯಾಮೆರಾಗಳನ್ನು ತೀರ ದೂರ ದೂರ ಇಟ್ಟರೆ ಕೆಲಸ ಕೆಟ್ಟಂತೆ. ಕೊನೆಗೆ ಎಣಿಸುವುದು ಕೇಂದ್ರಗಳನ್ನು, 100 ಚದರ ಕಿ.ಮೀ.ಗೆ ಇಷ್ಟು ಅಂತ.

ಕತ್ತೆಕಿರುಬಕ್ಕೂ ಪಟ್ಟೆ ಇದೆ, ಇದೇ ಲೆಕ್ಕ ನಡೆಯುತ್ತದೆ. ನಮ್ಮ ಬಯಲಿನ ತೋಳಕ್ಕೆ ಅಂಥ ಗುರುತಿಲ್ಲ. ಅದರ ಓಡಾಟ ತಿಳಿಯಲು ಜಿಪಿಎಸ್ ಕಾಲರ್ ಬೇಕು.

ಲ್ಯಾಪ್‌ಟಾಪಿನಲ್ಲಿ ಈ ಲೆಕ್ಕ ಅಭ್ಯಾಸ ಮಾಡುವಾಗ ಕ್ಯಾಮೆರಾ ಜಾಗಗಳನ್ನು ಅಕ್ಷಾಂಶ ರೇಖಾಂಶದಲ್ಲಿ ಕೊಡಬೇಡಿ. ಮೀಟರಿನಲ್ಲಿ ಕೊಡಿ. ಅದಕ್ಕೆ ಯುಟಿಎಂ ಇದೆ, ಜಾಗವನ್ನು ಮೀಟರಿನಲ್ಲಿ ಹೇಳುವ ನಕ್ಷೆ ಪದ್ಧತಿ. ಗದಗ, ಹಾವೇರಿ, ಧಾರವಾಡ ಮೂರೂ ಅದರ 43ನೇ ವಲಯದಲ್ಲಿ ಬರುತ್ತವೆ.