ಸರಹದ್ದು ದಾಟಿದರೂ ಅರ್ಥ ಕೆಡದ ಎಚ್ಚರಿಕೆ

ನೆರೆಯ ಇಲಾಖೆಗೆ ಅಪಾಯದ ಸುದ್ದಿ ಸಕಾಲಕ್ಕೆ ಮುಟ್ಟಲಿಲ್ಲವೆಂದಾಗಲೆಲ್ಲ, ಇನ್ನೂ ಶಕ್ತಿಶಾಲಿಯಾದ ವೈರ್‌ಲೆಸ್ ಸೆಟ್‌ಗಳು ಬೇಕೆಂಬ ಕೂಗು ಏಳುತ್ತದೆ. ಸೆಟ್ಟಿನ ಶಕ್ತಿಯೊಂದೇ ಸಾಲದೆಂಬುದಕ್ಕೆ 2001ರ ಸೆಪ್ಟೆಂಬರ್ 11ರ ನ್ಯೂಯಾರ್ಕ್ ಸಾಕ್ಷಿ. ವಿಮಾನ ದಾಳಿಗೆ ಒಳಗಾದ ವರ್ಲ್ಡ್ ಟ್ರೇಡ್ ಸೆಂಟರ್‌ನ ಅವಳಿ ಗೋಪುರಗಳಲ್ಲಿ ದಕ್ಷಿಣದ್ದು ಬೆಳಿಗ್ಗೆ 9:59ಕ್ಕೆ ಕುಸಿಯಿತು. ಉತ್ತರ ಗೋಪುರವೂ ಹೆಚ್ಚು ಹೊತ್ತು ನಿಲ್ಲದೆಂದು ಪೊಲೀಸ್ ಹೆಲಿಕಾಪ್ಟರಿನ ಪೈಲಟ್ 10:08ಕ್ಕೆ ಎಚ್ಚರಿಸಿದರು. ಅದು ಬಿದ್ದದ್ದು 10:28ಕ್ಕೆ. ಆ ಮಾತು ಪೊಲೀಸರ ಚಾನೆಲ್‌ನಲ್ಲೇ ಉಳಿಯಿತು. ಒಳಗಿದ್ದ ಅಗ್ನಿಶಾಮಕ ಸಿಬ್ಬಂದಿಗೆ ಅವರದೇ ಅಧಿಕಾರಿಗಳು ಹೊರಬರಲು ಆದೇಶಿಸಿದ್ದರು, ಆದರೆ ಅದೂ ಎಲ್ಲರ ಕಿವಿಗೆ ಬೀಳಲಿಲ್ಲ.

ಚಾನೆಲ್‌ಗಳನ್ನು ಜೋಡಿಸಿದರೂ ಕೇಳಿಸಿದ್ದೆಲ್ಲ ಅರ್ಥವಾಗುವುದಿಲ್ಲ. 1930ರ ದಶಕದ ಅಮೆರಿಕದ ಪೊಲೀಸ್ ಪ್ರಸಾರಯಂತ್ರಗಳಲ್ಲಿ, ಗುಂಡಿ ಒತ್ತಿದ ಮೇಲೆ ಮೋಟಾರ್-ಜನರೇಟರ್ ಪೂರ್ಣ ವೇಗ ಪಡೆಯಲು ಕ್ಷಣಕಾಲ ಹಿಡಿಯುತ್ತಿದ್ದುದರಿಂದ, ಮಾತಿನ ಮೊದಲ ಉಚ್ಚಾರ ಕಳೆದುಹೋಗುತ್ತಿತ್ತು. ಹೋದರೂ ನಷ್ಟವಿಲ್ಲದ ‘ಟೆನ್’ ಎಂಬ ಪದವನ್ನು ಮೊದಲು ಹೇಳಿ, ಅನಂತರ ಒಂದೊಂದು ಮಾತಿಗೆ ಗೊತ್ತುಪಡಿಸಿದ ಸಂಕೇತ ಸಂಖ್ಯೆಯನ್ನು ನುಡಿಯುವ ಪದ್ಧತಿ ಬಂದದ್ದು ಹೀಗೆ. ಇದು ನಿಜಕ್ಕೂ ಜಾಣ ಉಪಾಯ. ಆದರೆ ಕಾಲಕ್ರಮದಲ್ಲಿ ಒಂದೊಂದು ಇಲಾಖೆ ತನ್ನದೇ ಪಟ್ಟಿ ಮಾಡಿಕೊಂಡಿತು. ಒಂದೇ ಸಂಖ್ಯೆಗೆ ಪಕ್ಕದ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥದ್ದು) ಬೇರೆ ಅರ್ಥವಾಯಿತು. ಕೊನೆಗೆ ಹಲವು ಇಲಾಖೆಗಳು ಕೂಡುವ ಘಟನೆಗಳಲ್ಲಿ ಸರಳ ಇಂಗ್ಲಿಷನ್ನೇ ಬಳಸಬೇಕೆಂದು ಅಲ್ಲಿನ ಕೇಂದ್ರ ಸರ್ಕಾರ 2006ರ ಅನುದಾನಕ್ಕೆ ಷರತ್ತು ಹಾಕಿತು.

ನನ್ನನ್ನು ಬಹಳವಾಗಿ ಸೆಳೆದಿರುವುದು 2004ರಲ್ಲಿ ರೂಪುಗೊಂಡ ಕಾಮನ್ ಅಲರ್ಟಿಂಗ್ ಪ್ರೋಟೋಕಾಲ್, ಅಂದರೆ ‘ಕ್ಯಾಪ್’. ಇದು ಯಂತ್ರವಲ್ಲ, ಎಚ್ಚರಿಕೆಯ ಸಂದೇಶವನ್ನು ಬರೆಯುವ ಕ್ರಮ. ಬ್ಯಾಂಕಿನ ಚಲನ್‌ನಂತೆ ಇಲ್ಲಿಯೂ ಪ್ರತಿಯೊಂದು ವಿವರಕ್ಕೆ ಗೊತ್ತುಪಡಿಸಿದ ಜಾಗವಿದೆ. ಕಳುಹಿಸಿದವರು ಯಾರು, ಎಷ್ಟು ಹೊತ್ತಿಗೆ, ಇದು ನಿಜವೋ ಪರೀಕ್ಷೆಯೋ ಎಂಬುದನ್ನು ತುಂಬಲೇಬೇಕು. ತುರ್ತು ಎಷ್ಟು, ತೀವ್ರತೆ ಎಷ್ಟು, ಖಚಿತತೆ ಎಷ್ಟು ಎಂಬ ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿರುವುದೇ ಇದರ ಹಿರಿಮೆ ಎಂದು ನಾನು ಭಾವಿಸುತ್ತೇನೆ, ಏಕೆಂದರೆ ಗಾಬರಿಯಲ್ಲಿ ನಾವು ಈ ಮೂರನ್ನೂ ಒಂದೇ ‘ಡೇಂಜರ್’ನಲ್ಲಿ ಕಲಸಿಬಿಡುತ್ತೇವೆ. ಅಪಾಯದ ಪ್ರದೇಶವನ್ನು ಅಕ್ಷಾಂಶ-ರೇಖಾಂಶಗಳ ಬಹುಭುಜವಾಗಿ ಕೊಡಬಹುದು. ಕೊನೆಯ ಬಿಂದು ಮೊದಲನೆಯದೇ ಆಗಿರಬೇಕು, ಇಲ್ಲವಾದರೆ ಆಕೃತಿ ಮುಚ್ಚಿಕೊಳ್ಳುವುದಿಲ್ಲ. ಆ ಆಕೃತಿಗೆ ಜಿಲ್ಲೆಯ ಗಡಿಯ ಹಂಗಿಲ್ಲವಾದ್ದರಿಂದ, ತನ್ನ ಸರಹದ್ದು ಅದರೊಳಗೆ ಬರುತ್ತದೆಯೇ ಎಂಬುದನ್ನು ನೆರೆಯ ಕಂಟ್ರೋಲ್ ರೂಮಿನ ಕಂಪ್ಯೂಟರ್ ತಾನೇ ಲೆಕ್ಕಹಾಕಬಲ್ಲದು.

ವಿಪತ್ತಿನ ಮುನ್ನೆಚ್ಚರಿಕೆ ನೀಡುವ ಭಾರತದ ‘ಸಚೇತ್’ ವ್ಯವಸ್ಥೆಯೂ ಇದೇ ಕ್ರಮವನ್ನು ಅನುಸರಿಸುತ್ತದೆ. ಪೊಲೀಸರು ಪೊಲೀಸರಿಗಷ್ಟೇ ತಿಳಿಸಬೇಕಾದುದಕ್ಕೆ ಕ್ಯಾಪ್‌ನಲ್ಲಿ ‘ನಿರ್ಬಂಧಿತ’ ಎಂಬ ಗುರುತು ಉಂಟು. ಅಪಹರಣಕಾರನ ವಾಹನ ಸಿಕ್ಕಿದ ಮೇಲೂ ಅದೇ ಬಣ್ಣದ ಕಾರುಗಳನ್ನು ಪಕ್ಕದ ಊರಿನವರು ತಡೆಯುತ್ತಲೇ ಇರಬಾರದಲ್ಲವೇ? ಅದಕ್ಕಾಗಿ ‘ರದ್ದು’ ಸಂದೇಶವಿದೆ. ಅದು ಮೂಲ ಸಂದೇಶದ ಗುರುತು, ಕಳುಹಿಸಿದವರು ಮತ್ತು ಸಮಯ ಮೂರನ್ನೂ ಉಲ್ಲೇಖಿಸುವುದರಿಂದ, ಅದೇ ಹೊತ್ತಿನಲ್ಲಿ ಜಾರಿಯಲ್ಲಿರುವ ಇನ್ನೊಂದು ಎಚ್ಚರಿಕೆ ತಪ್ಪಿಯೂ ಅಳಿಸಿಹೋಗುವುದಿಲ್ಲ.