ಕಾಲು ಹಿಡಿಯದ ಕೆಸರು

ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಬಂದಿದ್ದ. ಊಟ ಮುಗಿಸಿ ಲ್ಯಾಪ್‌ಟಾಪ್ ತೆರೆದು, ತಾನೇ ಮಾಡಿದ ವಿಡಿಯೋ ಗೇಮ್ ತೋರಿಸಿದ. ಕೆಸರುಗದ್ದೆ ಓಟದ ಗೇಮ್. ಹಿಂದೆ ಅಡಿಕೆ ತೋಟ, ಗದ್ದೆಯಂಚಿನಲ್ಲಿ ಕೊಡೆ ಹಿಡಿದು ನಿಂತ ಜನ, ಮೈಕಿನ ಕೂಗು, ಎಲ್ಲ ನಮ್ಮೂರಿನದೇ. ಎರಡು ಕೀಗಳನ್ನು ಒಂದಾದ ಮೇಲೊಂದು ಬಡಿದರೆ ಹುಡುಗ ಓಡುತ್ತಾನೆ; ಬೇಗ ಬೇಗ ಬಡಿದಷ್ಟೂ ಜೋರಾಗಿ ಓಡುತ್ತಾನೆ. ಆಡಿದೆ, ಗೆದ್ದೆ. ಆದರೆ ಒಂದು ಸಲವೂ ಕಾಲು ಹೂತುಕೊಳ್ಳಲಿಲ್ಲ. ಅದು ಕಂದು ಬಣ್ಣ ಬಳಿದ ಟಾರ್ ರಸ್ತೆ.

"ಗೇಮ್ ಅಲ್ವಾ ಮಾವ, ಮಜಾ ಬೇಕು" ಅಂದ. ಬೇಕು, ನಿಜ. ಆದರೆ ಈ ಓಟದ ಮಜಾ ಹುಟ್ಟುವುದೇ ಕೆಸರು ಕಾಲನ್ನು ಹಿಡಿದುಕೊಳ್ಳುವುದರಿಂದ.

ನೆಟ್ಟಿಗೆ ಮುಂಚೆ ಟಿಲ್ಲರ್ ಹೊಡೆದು ನೀರು ನಿಲ್ಲಿಸಿದ ಗದ್ದೆಯ ಕೆಸರು ಪೂರ್ತಿ ದ್ರವವೂ ಅಲ್ಲ, ಘನವೂ ಅಲ್ಲ. ಅದರ ಜೇಡಿಕಣಗಳು ಮಿಲಿಮೀಟರಿನ 500ರಲ್ಲೊಂದು ಪಾಲಿಗಿಂತ ಸಣ್ಣವು, ಚಪ್ಪಟೆಯವು. ಇಸ್ಪೀಟು ಎಲೆಗಳನ್ನು ಒಂದಕ್ಕೊಂದು ಆನಿಸಿ ಕಟ್ಟಿದ ಮನೆಯ ಹಾಗೆ ನಿಂತು, ನಡುವೆ ನೀರು ಹಿಡಿದಿಟ್ಟುಕೊಳ್ಳುತ್ತವೆ. ಸಣ್ಣ ಒತ್ತಡಕ್ಕೆ ಆ ಮನೆ ಜಗ್ಗುವುದಿಲ್ಲ. ಮಿತಿ ದಾಟಿದರೆ ಕುಸಿದು ಹರಿಯುತ್ತದೆ. ಕಲಕುತ್ತಿದ್ದರೆ ತೆಳ್ಳಗಾಗುತ್ತದೆ, ಸುಮ್ಮನೆ ಬಿಟ್ಟರೆ ಮತ್ತೆ ಬಿಗಿಯುತ್ತದೆ. ಓಡುವವನ ಪಾದ ಆ ಮಿತಿಯನ್ನು ಸುಲಭವಾಗಿ ದಾಟಿ, ಅಡಿಯ ಗಟ್ಟಿ ಪದರ ಸಿಗುವ ತನಕ ಇಳಿಯುತ್ತದೆ. ವರ್ಷಾನುವರ್ಷ ಉತ್ತು, ತುಳಿದು ಆದ ಈ ಪದರ ಸಾಮಾನ್ಯವಾಗಿ 15ರಿಂದ 25 ಸೆಂಟಿಮೀಟರ್ ಆಳದಲ್ಲಿರುತ್ತದೆ.

ಇಳಿಯುವುದಕ್ಕೆ ಕಷ್ಟವಿಲ್ಲ. ಕೀಳುವುದೇ ಕಷ್ಟ. ಪಾದ ಮೇಲೆದ್ದಾಗ ಅದರಡಿ ಖಾಲಿಯಾದ ಜಾಗಕ್ಕೆ ಏನಾದರೂ ಬಂದು ತುಂಬಬೇಕು. ಗಾಳಿಗೆ ದಾರಿಯಿಲ್ಲ, ಕೆಸರು ಮಂದ, ಅಷ್ಟು ಬೇಗ ಹರಿದುಬರಲಾರದು. ಅಡಿಯಲ್ಲಿ ಒತ್ತಡ ತಗ್ಗುತ್ತದೆ, ಮೇಲಿನಿಂದ ವಾತಾವರಣ ಒತ್ತುತ್ತದೆ. ಆ ಒತ್ತಡ ಒಂದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ತೂಕದಷ್ಟು. ಅಂಗಾಲು ಸುಮಾರು 200 ಚದರ ಸೆಂಟಿಮೀಟರ್ ಎಂದುಕೊಳ್ಳಿ. ಅಡಿಯ ಒತ್ತಡ ಹತ್ತರಲ್ಲೊಂದು ಪಾಲು ತಗ್ಗಿದರೂ ಸಾಕು, ಪ್ರತಿ ಹೆಜ್ಜೆಗೂ ಕಾಲಿಗೆ 20 ಕಿಲೋ ಕಟ್ಟಿ ಎಳೆದ ಹಾಗೆ. ಜೋರಾಗಿ ಕಿತ್ತಷ್ಟೂ ಕೆಸರಿಗೆ ಹರಿದುಬರಲು ಸಮಯ ಕಡಿಮೆ, ಆದ್ದರಿಂದ ಹಿಡಿತ ಇನ್ನೂ ಬಿಗಿ. ಬರೀ ಬಲ ನಂಬಿದವರು ಮುಗ್ಗರಿಸುವುದು ಇಲ್ಲೇ. ಪಳಗಿದವರು ಮೊದಲು ಹಿಮ್ಮಡಿ ಎತ್ತಿ, ಪಾದ ಓರೆ ಮಾಡಿ, ಬೆರಳನ್ನು ಕೊನೆಗೆ ಜಾರಿಸಿಕೊಳ್ಳುತ್ತಾರೆ. ಹಿಮ್ಮಡಿಯ ಪಕ್ಕದಿಂದ ಗಾಳಿ ನುಗ್ಗಿ 'ಪಚಕ್' ಅನ್ನುವ ಸದ್ದು ಬಂತೆಂದರೆ ಕಾಲು ಬಿಟ್ಟಿತು ಅಂತ ಲೆಕ್ಕ. ದನದ ಸೀಳುಗೊರಸಿನ ಅನುಕೂಲವೂ ಇಂಥದ್ದೇ: ಊರಿದಾಗ ಅಗಲವಾಗುತ್ತದೆ, ಎತ್ತುವಾಗ ಕೂಡಿಕೊಂಡು ಸುತ್ತ ಸಂದು ಬಿಡುತ್ತದೆ.

ಮೆತ್ತನೆಯ ನೆಲದಲ್ಲಿ ಓಡುವ ಶ್ರಮವನ್ನು ಬೆಲ್ಜಿಯಂನ ಸಂಶೋಧಕರು ಅಳೆದಿದ್ದಾರೆ. 1998ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ ಮರಳಿನ ಮೇಲೆ ಓಡಲು ಗಟ್ಟಿ ನೆಲಕ್ಕಿಂತ ಸುಮಾರು 1.6 ಪಟ್ಟು ಶಕ್ತಿ ಬೇಕು. ಮರಳು ಕಾಲನ್ನು ಹೀರಿ ಹಿಡಿಯುವುದಿಲ್ಲ, ಕೆಸರು ಹಿಡಿಯುತ್ತದೆ.

ಕೀ ಬಡಿದು ಓಡಿಸುವ ಉಪಾಯ ಹೊಸದೇನಲ್ಲ. 1983ರಲ್ಲಿ ಕೊನಾಮಿ ಕಂಪನಿ ತಂದ 'ಟ್ರ್ಯಾಕ್ ಅಂಡ್ ಫೀಲ್ಡ್' ಹೀಗೇ ಇತ್ತು. ಗಟ್ಟಿ ಟ್ರ್ಯಾಕಿನ 100 ಮೀಟರ್ ಓಟಕ್ಕೆ ಅದು ಒಪ್ಪುತ್ತದೆ, ಅಲ್ಲಿ ಹೆಜ್ಜೆಯ ವೇಗಕ್ಕೆ ಬೆಲೆಯಿದೆ. ಅದನ್ನೇ ಗದ್ದೆಗೆ ಇಳಿಸಿದರೆ ಪಾಠ ತಲೆಕೆಳಗಾಗುತ್ತದೆ. 2008ರ 'ಕ್ಯೂಡಬ್ಲ್ಯೂಓಪಿ'ಯಲ್ಲಿ ನಾಲ್ಕು ಕೀಗಳು ಓಟಗಾರನ ತೊಡೆ, ಮೀನಖಂಡಗಳನ್ನು ಆಡಿಸುತ್ತವೆ. ಎರಡು ಹೆಜ್ಜೆ ಇಡುವಷ್ಟರಲ್ಲಿ ಬೀಳುತ್ತಾನೆ. ಆದರೂ ಜನ ಬಿಡದೆ ಆಡಿದರು. 2014ರ 'ಸ್ಪಿನ್‌ಟೈರ್ಸ್' ಇಡೀ ಆಟವನ್ನೇ ಕೆಸರಿನ ಮೇಲೆ ಕಟ್ಟಿತು. ಸೋವಿಯತ್ ಕಾಲದ ಲಾರಿಗಳು, ಒತ್ತಿದಲ್ಲಿ ತಗ್ಗಾಗುವ ನೆಲ, ಆಕ್ಸಿಲರೇಟರ್ ತುಳಿದಷ್ಟೂ ಆಳಕ್ಕೆ ಹೂತುಹೋಗುವ ಚಕ್ರ. ಸಿಕ್ಕಿಬೀಳುವುದನ್ನೇ ಆಟವಾಗಿಸಬಹುದು ಎಂದು ಇವು ತೋರಿಸಿಕೊಟ್ಟಿವೆ.

ಹಾಗಂತ ಎಲ್ಲವನ್ನೂ ಯಥಾವತ್ತು ಇಳಿಸಬೇಕು ಅಂತ ನಾನು ಹೇಳುವುದಿಲ್ಲ. ಸೆಕೆಂಡಿಗೆ 60 ಚಿತ್ರ ಬಿಡಿಸುವ ಗೇಮಿಗೆ ಒಂದೊಂದಕ್ಕೂ ಸಿಗುವುದು ಸುಮಾರು 17 ಮಿಲಿಸೆಕೆಂಡ್. ಅಷ್ಟರಲ್ಲಿ ಜೇಡಿಯ ಕಣಕಣದ ಲೆಕ್ಕ ಹಾಕಲು ಆಗದು, ಹಾಕುವ ಅಗತ್ಯವೂ ಇಲ್ಲ. ನೆಲವನ್ನು ಚೌಕುಳಿ ಮಾಡಿ, ಪ್ರತಿ ಚೌಕಕ್ಕೂ ಆಳ ಎಷ್ಟು, ಬಿಗಿ ಎಷ್ಟು ಎಂಬ ಎರಡು ಅಂಕಿ ಇಟ್ಟರೆ ಸಾಕು. 1999ರ 'ಟೋನಿ ಹಾಕ್' ಸ್ಕೇಟ್‌ಬೋರ್ಡ್ ಗೇಮಿನಲ್ಲಿ ಯಾವ ಮನುಷ್ಯನೂ ಹಾರಲಾರದ ಎತ್ತರಕ್ಕೆ ಹಾರುತ್ತಾರೆ, ಆದರೂ ಸ್ಕೇಟರುಗಳು ಅದನ್ನು ತಮ್ಮದೆಂದೇ ಒಪ್ಪಿಕೊಂಡರು. ಎತ್ತರ ಸುಳ್ಳಾದರೂ, ಸರಿಯಾದ ಗಳಿಗೆಗೆ ಇಳಿಯದಿದ್ದರೆ ಬಿದ್ದೇ ಬೀಳುತ್ತೀರಿ. ಆ ಗಳಿಗೆಯನ್ನು ಗೇಮ್ ಮಾಡಿದವರು ಕೆಡಿಸಲಿಲ್ಲ. ಕೆಸರುಗದ್ದೆಯಲ್ಲಿ ಆ ಗಳಿಗೆ ಹಿಮ್ಮಡಿ ಏಳುವ ಹೊತ್ತು.

ಕ್ರಿಕೆಟ್ ಗೇಮ್ ತಪ್ಪಾದರೆ ಕ್ರಿಕೆಟ್ಟಿಗೆ ನಷ್ಟವಿಲ್ಲ. ಕೋಟಿ ಜನಕ್ಕೆ ನಿಜವಾದ ಆಟ ಗೊತ್ತು. ನಮ್ಮ ಓಟ ಹಾಗಲ್ಲ. ಗದ್ದೆಗಳು ಒಂದೊಂದಾಗಿ ಅಡಿಕೆ ತೋಟವಾಗುತ್ತಿವೆ. ನಾನು ಹುಡುಗನಾಗಿದ್ದಾಗ ಓಡಿದ ಗದ್ದೆಯಲ್ಲಿ ಈಗ ಅಡಿಕೆ ಮರಗಳು ಫಸಲಿಗೆ ಬಂದಿವೆ. ಎಲ್ಲೋ ದೂರದ ಊರಿನ ಹುಡುಗಿಗೆ ಕೆಸರುಗದ್ದೆ ಓಟ ಅಂದರೆ ಪರದೆಯ ಮೇಲೆ ಕಂಡದ್ದಷ್ಟೇ ಆಗಬಹುದು. ಅವಳ ಬೆರಳಿಗಾದರೂ ಆ ಹಿಡಿತ ತಾಗಲಿ ಎಂಬುದು ನನ್ನ ಆಸೆ.

ಮಾರನೇ ದಿನ ಅವನನ್ನು ಪಕ್ಕದ ಮನೆಯವರ ಗದ್ದೆಗೆ ಇಳಿಸಿದೆ. ನಾಲ್ಕನೇ ಹೆಜ್ಜೆಗೆ ಎಡಗಾಲು ಸಿಕ್ಕಿಕೊಂಡಿತು. ಎಳೆದ, ಬರಲಿಲ್ಲ. ಇನ್ನೂ ಜೋರಾಗಿ ಎಳೆದ, ಬಲಗಾಲೂ ಇಳಿಯಿತು. ನಾನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಹಾಗೇ ನಿಂತ, ಆಮೇಲೆ ಹಿಮ್ಮಡಿ ತಿರುಗಿಸಿದ. ಪಚಕ್ ಅಂತು.

ಈಗ ಅವನ ಗೇಮಿನಲ್ಲಿ ಕೀ ಒತ್ತಿದರೆ ಕಾಲು ಇಳಿಯುತ್ತದೆ, ನಿಧಾನಕ್ಕೆ ಬಿಟ್ಟರೆ ಏಳುತ್ತದೆ. ಮೊದಲ ಸರದಿಯಲ್ಲಿ ಬಿಗಿಯಾಗಿದ್ದ ಗದ್ದೆ, ತುಳಿದು ತುಳಿದು ನಾಲ್ಕನೇ ಸರದಿಯ ಹೊತ್ತಿಗೆ ತೆಳ್ಳಗಾಗುವುದನ್ನು ಇನ್ನೂ ಸೇರಿಸಬೇಕಿದೆ. ಅದನ್ನು ನೋಡಿಕೊಳ್ಳುವುದಕ್ಕೆ ಮುಂದಿನ ಪುನರ್ವಸು ಮಳೆಗೆ ಮತ್ತೆ ಬರುತ್ತಾನಂತೆ.