ಯೂನಿವರ್ಸಿಟಿ ಮಾರುವ ಹಳೆ ಕಂಪ್ಯೂಟರ್ ತಗೋಬಹುದಾ?

ಪ್ರಶ್ನೆ: ಎಂ.ಎಸ್. ಓದಲು ಅಮೆರಿಕಕ್ಕೆ ಬಂದಿದ್ದೇನೆ. ನಮ್ಮ ಯೂನಿವರ್ಸಿಟಿಯದ್ದೇ ಒಂದು ಸರ್‌ಪ್ಲಸ್ ಸ್ಟೋರ್ (ತನಗೆ ಬೇಡವಾದ ಸಾಮಾನು ಮಾರುವ ಅಂಗಡಿ) ಇದೆ. ಅಲ್ಲಿ ಹಳೆ ಡೆಲ್, ಲೆನೊವೊ ಕಂಪ್ಯೂಟರ್‌ಗಳು ತುಂಬಾ ಕಡಿಮೆ ಬೆಲೆಗೆ ಸಿಗುತ್ತವೆ. ನಂಬಿ ತಗೋಬಹುದಾ?

ಉತ್ತರ: ಧಾರಾಳವಾಗಿ ತಗೊಳ್ಳಿ. ಆದರೆ ಬೆಲೆ ನೋಡುವ ಮೊದಲು ಪ್ರೊಸೆಸರ್ ನಂಬರ್ ನೋಡಿ, ಲಾಕ್ ಇದೆಯಾ ಅಂತ ಕೇಳಿ.

ಮಿಶಿಗನ್ ಸ್ಟೇಟ್, ಪರ್ಡ್ಯೂ, ವಿಸ್ಕಾನ್ಸಿನ್-ಮ್ಯಾಡಿಸನ್‌ನಂಥ ದೊಡ್ಡ ಯೂನಿವರ್ಸಿಟಿಗಳು ಇಂಥ ಅಂಗಡಿ ನಡೆಸುತ್ತವೆ. ಲ್ಯಾಬು, ಆಫೀಸುಗಳ ಕಂಪ್ಯೂಟರ್‌ಗಳನ್ನು ಸಾಮಾನ್ಯವಾಗಿ ವಾರಂಟಿ ಮುಗಿಯುವ ಹೊತ್ತಿಗೆ ಬದಲಾಯಿಸುತ್ತಾರೆ, ಕೆಟ್ಟಿವೆ ಅಂತಲ್ಲ. ಅವು ಸಂಸ್ಥೆಯ ಆಸ್ತಿ. ಪ್ರೊಫೆಸರಿಗೆ ಮನಸ್ಸಿದ್ದರೂ ಲ್ಯಾಬಿನ ಹಳೆ ಮಷಿನ್ ಸುಮ್ನೆ ನಿಮ್ಮ ಕೈಗೆ ಕೊಡುವ ಹಾಗಿಲ್ಲ. ಸಿಗುವುದೆಲ್ಲ ಹೆಚ್ಚಾಗಿ ಆಪ್ಟಿಪ್ಲೆಕ್ಸ್, ಲ್ಯಾಟಿಟ್ಯೂಡ್, ಥಿಂಕ್‌ಪ್ಯಾಡ್‌ನಂಥ ಆಫೀಸ್ ಮಾಡೆಲ್‌ಗಳು. ಬಿಚ್ಚಿ ರಿಪೇರಿ ಮಾಡುವುದು ಸುಲಭ, ಬಿಡಿಭಾಗಗಳೂ ಸಿಗುತ್ತವೆ. ಅಗ್ಗದ ಹೊಸ ಲ್ಯಾಪ್‌ಟಾಪ್‌ಗಿಂತ ನಾನು ಇವನ್ನೇ ಆರಿಸುತ್ತೇನೆ.

ಈಗ ಆ ನಂಬರ್. ಐ5-6500 ಅಂತಿದ್ದರೆ ಅದು ಇಂಟೆಲ್‌ನ 6ನೇ ತಲೆಮಾರು, ಐ5-8500 ಆದರೆ 8ನೆಯದು. ಐ5-10500 ಅಂತ ಐದು ಅಂಕಿ ಇದ್ದರೆ 10ನೆಯದು. ವಿಂಡೋಸ್ 11ಕ್ಕೆ ಬಹುಮಟ್ಟಿಗೆ 8ನೇ ತಲೆಮಾರಾದರೂ ಬೇಕು. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 6, 7ನೆಯವು ಅಗ್ಗಕ್ಕೆ ಸಿಕ್ಕರೆ ವಿಂಡೋಸ್ ಬದಲು ಉಚಿತವಾದ ಲಿನಕ್ಸ್ ಹಾಕಿಕೊಳ್ಳುವವರು ಮಾತ್ರ ತಗೊಳ್ಳಲಿ.

ಜಾಸ್ತಿ ಜನ ಪೆಟ್ಟು ತಿನ್ನುವುದು ಲಾಕ್ ವಿಷಯದಲ್ಲಿ. ಅಂಗಡಿಯಲ್ಲೇ ಆನ್ ಮಾಡಿಸಿ. ಡೆಲ್‌ನಲ್ಲಿ ಎಫ್2, ಥಿಂಕ್‌ಪ್ಯಾಡ್‌ನಲ್ಲಿ ಎಫ್1 ಒತ್ತಿ ಬಯಾಸ್‌ಗೆ (ವಿಂಡೋಸ್ ಶುರುವಾಗುವ ಮೊದಲೇ ಬರುವ ಸೆಟ್ಟಿಂಗ್ ಪರದೆ) ಹೋಗಿ. ಪಾಸ್‌ವರ್ಡ್ ಕೇಳಿದರೆ ಅಲ್ಲೇ ಬಿಟ್ಟು ಬನ್ನಿ, ವಿಂಡೋಸ್ ಮತ್ತೆ ಹಾಕಿದರೂ ಅದು ಹೋಗುವುದಿಲ್ಲ. ಮ್ಯಾಕ್‌ಬುಕ್ ಆದರೆ ಸೆಟಪ್ ಮಾಡುವಾಗ ವೈಫೈಗೆ ಜೋಡಿಸಿ. 'ರಿಮೋಟ್ ಮ್ಯಾನೇಜ್‌ಮೆಂಟ್' ಅಂತ ಯೂನಿವರ್ಸಿಟಿ ಹೆಸರಿನ ಪರದೆ ಬಂದರೆ, ಅದು ಇನ್ನೂ ಅವರ ಪಟ್ಟಿಯಲ್ಲೇ ಇದೆ ಅಂತ ಅರ್ಥ. ಅಲ್ಲಿಂದ ತೆಗೆಯಬೇಕಾದವರು ಅವರೇ. ಕ್ರೋಮ್‌ಬುಕ್‌ಗೂ ಇದೇ ತೊಂದರೆ ಇದೆ. ಜೊತೆಗೆ ಅದಕ್ಕೆ ಅಪ್‌ಡೇಟ್ ನಿಲ್ಲುವ ಒಂದು ತಾರೀಖೂ ಇರುತ್ತದೆ, ಮಾಡೆಲ್ ಹೆಸರು ಹಾಕಿ ಗೂಗಲ್‌ನಲ್ಲಿ ನೋಡಿ.

ಡಿಸ್ಕ್ ಇಲ್ಲದಿದ್ದರೆ ಗಾಬರಿಯಾಗಬೇಡಿ. ಮಾಹಿತಿ ಸೋರದಿರಲಿ ಅಂತ ಎಷ್ಟೋ ಕಡೆ ತೆಗೆದುಬಿಡುತ್ತಾರೆ. ಹೊಸ ಡಿಸ್ಕ್ (ಎಸ್‌ಎಸ್‌ಡಿ), ಚಾರ್ಜರ್ ಖರ್ಚು ಸೇರಿಸಿಯೇ ಬೆಲೆ ಲೆಕ್ಕ ಹಾಕಿ. ವಿಂಡೋಸ್‌ನ ಲೈಸೆನ್ಸ್ ಕೀ ಸಾಮಾನ್ಯವಾಗಿ ಮದರ್‌ಬೋರ್ಡ್‌ನಲ್ಲೇ ಇರುತ್ತದೆ, ಆದರೆ ಯೂನಿವರ್ಸಿಟಿ ಲೈಸೆನ್ಸ್‌ನ ಬೇರೆ ಸಾಫ್ಟ್‌ವೇರ್ ನಿಮಗೆ ಬರುವುದಿಲ್ಲ. ವಿಂಡೋಸ್ ಇರುವ ಲ್ಯಾಪ್‌ಟಾಪ್ ಆದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆಸಿ. ಹೊಸದರಲ್ಲಿದ್ದ ಸಾಮರ್ಥ್ಯ ಎಷ್ಟು, ಈಗ ಉಳಿದಿದ್ದು ಎಷ್ಟು ಅಂತ ಎರಡೂ ಅದರಲ್ಲಿರುತ್ತವೆ. ಅರ್ಧಕ್ಕಿಂತ ಕಡಿಮೆಯಾದರೆ ಹೊಸ ಬ್ಯಾಟರಿಯ ದುಡ್ಡನ್ನೂ ಲೆಕ್ಕಕ್ಕೆ ಹಿಡಿಯಿರಿ.

ಊರಿಗೆ ಒಯ್ಯುವ ಯೋಚನೆ ಇದ್ದರೆ ಲ್ಯಾಪ್‌ಟಾಪೇ ವಾಸಿ. 18 ದಾಟಿದ ಪ್ರಯಾಣಿಕರು ಒಂದನ್ನು ಸುಂಕವಿಲ್ಲದೆ ತರಬಹುದು, ಚಾರ್ಜರ್ ಕೂಡ ಸಾಮಾನ್ಯವಾಗಿ 100ರಿಂದ 240 ವೋಲ್ಟ್‌ವರೆಗೂ ನಡೆಯುತ್ತದೆ. ಕೆಲವು ಹಳೆ ಡೆಸ್ಕ್‌ಟಾಪ್‌ಗಳ ಹಿಂದೆ 115/230 ಅಂತ ಕೆಂಪು ಸ್ವಿಚ್ ಇರುತ್ತದೆ. ಅದನ್ನು 115ರಲ್ಲೇ ಬಿಟ್ಟು ನಮ್ಮ ಮನೆಯ ಪ್ಲಗ್‌ಗೆ ಹಾಕಿದರೆ ಪವರ್ ಸಪ್ಲೈ ಸುಟ್ಟೇ ಹೋಗುತ್ತದೆ.

ಇನ್ನು ರಸೀದಿ. ಮಷಿನ್ ಮೇಲೆ ಯೂನಿವರ್ಸಿಟಿಯ ಆಸ್ತಿ ಸ್ಟಿಕ್ಕರ್ ಉಳಿದಿರಬಹುದು. ನೀವು ದುಡ್ಡು ಕೊಟ್ಟು ತಂದಿದ್ದಕ್ಕೆ ರಸೀದಿಯೇ ಸಾಕ್ಷಿ, ಅದರದ್ದೊಂದು ಫೋಟೊನೂ ತೆಗೆದಿಟ್ಟುಕೊಳ್ಳಿ.